ಬಾಯಿಗಿಂತ ಮುಂದೆ ಓಡಿದ ಬೆರಳು

"ಮೇಷ್ಟ್ರೇ, ನಾಳೆ ಸಂದರ್ಶನದಲ್ಲಿ 'ನಿನ್ನಲ್ಲಿ ಏನಮ್ಮಾ ವಿಶೇಷ' ಅಂತ ಕೇಳಿದ್ರೆ ಏನು ಹೇಳ್ಲಿ?" ಅಂತ ಸುಗುಣ ಕೇಳಿದ್ಲು.

ಕೇಳಿದ್ದು ಹಾಲಪ್ಪ ಮೇಷ್ಟ್ರನ್ನ. ಕೋರ್ಟಿನ ಹಿಂದಿನ ಬೀದೀಲಿ ಅವರದೊಂದು ಟೈಪಿಂಗ್ ಶಾಲೆ. ಆ ಊರಲ್ಲಿ ವಕೀಲರ ಹತ್ರ ಟೈಪಿಸ್ಟು, ಗುಮಾಸ್ತ, ಸೆಕ್ರೆಟರಿ ಅಂತ ಯಾರು ಸೇರಿದ್ರೂ ಮೊದಲು ಮೇಷ್ಟ್ರ ಕೈಲಿ ಗೆಣ್ಣಿಗೆ ಏಟು ತಿಂದೋರೇ. ಸುಗುಣ ಆಗಲೇ ಎರಡು ಕಡೆ ಹೋಗಿ ಬಂದಿದ್ಲು. ಎರಡು ಕಡೇನೂ "ವೇಗ ಬಹಳ ಚೆನ್ನಾಗಿದೆಯಮ್ಮಾ" ಅಂತ ಹೊಗಳಿ ಹೊಗಳಿ ವಾಪಸ್ ಕಳಿಸಿದ್ರು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಇದೂ ತಪ್ಪಿದ್ರೆ ಸೋಮವಾರದಿಂದ ಮತ್ತೆ ಗಾರ್ಮೆಂಟ್ಸಲ್ಲಿ ದಾರ ಕತ್ತರಿಸೋ ಕೆಲಸಾನೇ ಗತಿ.

"ನನ್ನಷ್ಟು ವೇಗ ಈ ಊರಲ್ಲಿ ಯಾರಿಗೂ ಇಲ್ಲ ಅಂದ್ಬಿಡ್ಲಾ?"

"ವೇಗಾನಾ?" ಅಂದ್ರು ಮೇಷ್ಟ್ರು. "ಒಂದು ಕತೆ ಹೇಳ್ತೀನಿ ಕೇಳು. ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ನಶ್ಯದ ಡಬ್ಬಿ ಹಾವಾಗಿ ನನ್ನನ್ನೇ ಕಚ್ಲಿ."

ಹಾಗಂದು ಡಬ್ಬೀನ ಸ್ವಲ್ಪ ದೂರಕ್ಕೆ ತಳ್ಳಿ ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ವಕೀಲ. ಅವನಿಗೊಬ್ಬ ಗುಮಾಸ್ತ. ವಕೀಲ ಹೇಳ್ತಿದ್ದ, ಗುಮಾಸ್ತ ಟೈಪ್ ಹೊಡೀತಿದ್ದ. ಅವನ ಬೆರಳು ಎಂಥವು ಅಂದ್ರೆ, ಅವನು ಕೆಲಸಕ್ಕೆ ಕೂತ್ರೆ ಕೋರ್ಟಿನ ಅಂಗಳದ ಕಾಗೆಗಳೆಲ್ಲ ಮಳೆ ಬಂತು ಅಂತ ಗೂಡು ಸೇರ್ತಿದ್ವು. ಮೆಷೀನು ಕಾದು ಕೆಂಡ ಆಗಿ, ಜವಾನ ಅದರ ಮೇಲೇ ಟೀ ಬಿಸಿ ಮಾಡ್ಕೋತಿದ್ದ.

"ಟೈಪ್ ಮೆಷೀನ್ ಮೇಲೆ ಟೀನಾ ಮೇಷ್ಟ್ರೇ?"

"ಕತೆ ನಂದು, ಟೀನೂ ನಂದು. ಸುಮ್ನೆ ಕೇಳು."

ಮೊದಮೊದಲು ಗುಮಾಸ್ತ ವಕೀಲ ಹೇಳಿದ್ಮೇಲೆ ಹೊಡೀತಿದ್ದ. ಆಮೇಲಾಮೇಲೆ ಹೇಳ್ತಿದ್ದ ಹಾಗೇ ಹೊಡೆಯೋಕೆ ಶುರು ಮಾಡಿದ. ಒಂದಿನ ವಕೀಲ ಬಾಯಿ ತೆರೆಯೋಷ್ಟರಲ್ಲಿ ಮಾತು ಕಾಗದದ ಮೇಲಿತ್ತು. ವಕೀಲ ಬಗ್ಗಿ ನೋಡಿ ಅದನ್ನೇ ಓದಿದ. "ಅರೆ, ನಾನು ಹೇಳ್ಬೇಕು ಅಂತಿದ್ದಿದ್ದೇ ಇದು!" ಅಂತ ಬೆನ್ನು ತಟ್ಟಿದ. ಗುಮಾಸ್ತ ಹಿಗ್ಗಿ ಹೀರೇಕಾಯಿ ಆದ.

ಅಲ್ಲಿಂದ ಅವನಿಗೆ ಅದೇ ಚಾಳಿ ಆಯ್ತು. ಯಾವ ಕಕ್ಷಿಗಾರ ಒಳಗೆ ಬಂದ್ರೂ, ಅವನು ಚಪ್ಪಲಿ ಬಿಡೋ ಹೊತ್ತಿಗೆ ಅವನ ಹೇಳಿಕೆ ಮುಗಿದಿರ್ತಿತ್ತು. ಬಂದವನು ಬಾಯಿ ತೆರೆದ್ರೆ ಕಾಗದದಲ್ಲಿ ಇದ್ದಿದ್ದೇ ಹೊರಗೆ ಬರ್ತಿತ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಎಷ್ಟೋ ಸಲ ಅವರು ಹೇಳಬೇಕಾಗಿದ್ದೂ ಅದೇ ಆಗಿರ್ತಿತ್ತು, ಹಾಗಾಗಿ ಯಾರಿಗೂ ಏನೂ ಅನ್ನಿಸ್ಲಿಲ್ಲ. ಕೆಲವರು ಮಾತ್ರ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು, ಏನೋ ಮರೆತು ಬಂದೋರ ಹಾಗೆ ಜೇಬು ತಡವಿಕೊಳ್ತಿದ್ರು.

ಹೀಗಿರೋವಾಗ ಒಬ್ಬ ಹೆಂಗಸು ಬಂದ್ಲು. ಗಂಡ ತೀರಿಕೊಂಡ ಮೇಲೆ ತವರಿನ ಮುಂದಿನ ಕೋಣೇಲಿ ರೊಟ್ಟಿ ಬಡಿದು ಮಾರಿಕೊಂಡು ಇದ್ದೋಳು. ಜೊತೇಲಿ ಇಬ್ಬರು ಅಣ್ಣಂದಿರು. ಹಕ್ಕು ಬಿಡುಗಡೆ ಪತ್ರ ಆಗ್ಬೇಕಿತ್ತು. ನಿನಗೆ ಗೊತ್ತಲ್ಲ, ತವರಿನ ಆಸ್ತೀಲಿ ನನಗೆ ಪಾಲು ಬೇಡ ಅಂತ ಹೆಣ್ಣುಮಕ್ಕಳು ಬರೆದುಕೊಡೋದು. ಅಣ್ಣಂದಿರು ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಡ್ತಾರೆ, ತಂಗಿ ಸಹಿ ಹಾಕ್ತಾಳೆ. ಹಿಂದಿನಿಂದ ನಡ್ಕೊಂಡು ಬಂದ ರೂಢಿ. ಅಂಥ ಪತ್ರಗಳನ್ನ ಹೊಡೆದೂ ಹೊಡೆದೂ ಗುಮಾಸ್ತನ ಬೆರಳಿಗೆ ಅವು ಬಾಯಿಪಾಠ ಆಗಿದ್ವು. ಹೆಸರು ಬದಲಾಗ್ತಿತ್ತು ಅಷ್ಟೇ. ಕೊನೆ ಸಾಲು ಮಾತ್ರ ಯಾವಾಗಲೂ ಒಂದೇ.

ವಕೀಲ ಕೇಳಬೇಕಾದ್ದನ್ನ ಕೇಳಿದ. "ಏನಮ್ಮಾ, ನಿನಗೆ ಒಪ್ಪಿಗೆನಾ?"

ಹೆಂಗಸು ಅಣ್ಣಂದಿರ ಕಡೆ ನೋಡ್ಲಿಲ್ಲ. ಸೆರಗು ಬಿಗಿ ಮಾಡ್ಕೊಂಡ್ಲು, ಉಸಿರು ಎಳ್ಕೊಂಡ್ಲು. ಮನೆಯಿಂದ ದಾರಿಯುದ್ದಕ್ಕೂ ಗಟ್ಟಿ ಮಾಡ್ಕೊಂಡು ಬಂದ ಮಾತೊಂದು ಅವಳ ಗಂಟಲಲ್ಲಿ ಇತ್ತು. ಅಷ್ಟರಲ್ಲಿ ಗುಮಾಸ್ತ ಕೊನೆ ಸಾಲು ಹೊಡೆದು ಮುಗಿಸಿದ.

ಅವಳು ಬಾಯಿ ತೆರೆದ್ಲು.

"ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಮನಸ್ಸಿನಿಂದ ಒಪ್ಪಿರುತ್ತೇನೆ" ಅಂತ ಬಂತು.

ರೊಟ್ಟಿ ಮಾರೋಳ ಬಾಯಲ್ಲಿ ಪತ್ರದ ಭಾಷೆ! ಅಣ್ಣಂದಿರೇ ಬೆಚ್ಚಿಬಿದ್ರು. ವಕೀಲ ಮಾತ್ರ "ಭೇಷ್, ನೀನೇ ಒಂದು ಬೋರ್ಡು ಹಾಕ್ಕೊಂಡು ಕೂರಬಹುದಲ್ಲಮ್ಮಾ!" ಅಂತ ನಕ್ಕ. ಹೆಂಗಸು ಎರಡೂ ಕೈಯಿಂದ ತನ್ನ ಬಾಯಿ ಮುಟ್ಟಿ ಮುಟ್ಟಿ ನೋಡ್ಕೊಂಡ್ಲು, ಅದು ಬೇರೆ ಯಾರದ್ದೋ ಅನ್ನೋ ಹಾಗೆ. ಸಹಿ ಆಯ್ತು. ಸೀರೆ ಕೊಟ್ರು. ಹಬ್ಬ ಬರೋದ್ರೊಳಗೆ ಕೋಣೆ ಖಾಲಿ ಮಾಡು ಅಂದ್ರು.

ಮಾರನೇ ದಿನ ಅವಳು ಬಂದು ಆಫೀಸಿನ ಮುಂದಿನ ಬೆಂಚಲ್ಲಿ ಕೂತಿದ್ಲು. ಗುಮಾಸ್ತ ಬಾಗಿಲು ತೆಗೆಯೋಕೆ ಬಂದಾಗ ಕೇಳಿದ್ಲು. "ಅಣ್ಣಾ, ನಿನ್ನೆ ಮನೆಯಿಂದ ಒಂದು ಮಾತು ತಂದಿದ್ದೆ. ಇಲ್ಲೆಲ್ಲಾದ್ರೂ ಬಿದ್ದಿತ್ತಾ?"

"ಏನು ಮಾತಮ್ಮಾ?"

"ಅದೇ ಗೊತ್ತಾಗ್ತಿಲ್ಲ. ಆಡಿದ್ರೆ ತಾನೆ ನೆನಪಿರೋದು."

ಗುಮಾಸ್ತ ನಕ್ಕು ಒಳಗೆ ಹೋದ. ಆದ್ರೆ ಕೂತ ಮೇಲೆ ಮನಸ್ಸು ತಡೀಲಿಲ್ಲ. ಮೆಷೀನು ಎತ್ತಿ ಕೆಳಗೆ ನೋಡಿದ. ರಬ್ಬರಿನ ಪುಡಿ ಬಿಟ್ರೆ ಏನೂ ಇರ್ಲಿಲ್ಲ. ಅವಳು ದಿನಾ ಬಂದ್ಲು. ದಿನಾ ಅದನ್ನೇ ಕೇಳಿದ್ಲು. ಗಲಾಟೆ ಇಲ್ಲ, ಅಳು ಇಲ್ಲ. ಕಳೆದುಹೋದ ಕೊಡೆ ಕೇಳೋರ ಹಾಗೆ ಮೆಲ್ಲಗೆ ಕೇಳಿ ಹೋಗೋಳು.

ಈ ಸಹವಾಸಾನೇ ಬೇಡ ಅಂತ ಗುಮಾಸ್ತ ಬೇರೆ ಕೆಲಸ ಹುಡುಕಿದ. ಅವನಿಗೇನು ಕಷ್ಟ? ಸಂದರ್ಶನಕ್ಕೆ ಹೋದ್ರೆ, ಕೇಳೋರು ಕನ್ನಡಕ ಹಾಕ್ಕೊಳ್ಳೋದ್ರೊಳಗೆ ಅವರ ಪ್ರಶ್ನೇನೂ ತನ್ನ ಉತ್ತರಾನೂ ಟೈಪ್ ಹೊಡೆದು ಮುಂದಿಡ್ತಿದ್ದ. ಹೋದಲ್ಲೆಲ್ಲ ಕೆಲಸ, ಹೋದಲ್ಲೆಲ್ಲ ಹೆಚ್ಚಿನ ಸಂಬಳ. ಕೊನೆಗೆ ಜಿಲ್ಲೆಗೇ ದೊಡ್ಡ ವಕೀಲರ ಹತ್ರ, ತಿರುಗೋ ಕುರ್ಚಿ ಮೇಲೆ ಕೂತ. ಆದ್ರೆ ಯಾವ ಆಫೀಸಿಗೆ ಸೇರಿದ್ರೂ ಮೊದಲನೇ ದಿನ ಕಿಟಕಿ ತೆಗೆದ್ರೆ ಎದುರಿಗೊಂದು ಬೆಂಚು. ಬೆಂಚಿನ ಮೇಲೆ ಅವಳು.

ಒಂದು ಭಾನುವಾರ ಮನೇಲಿ ಕೂತಿದ್ದ. ಅವನ ಹೆಂಡತಿ ಮೊದಲೆಲ್ಲ ಗಯ್ಯಾಳಿ. ಕಾಫಿ ಕೇಳಿದ್ರೆ "ಕೈ ಸೇದಿಹೋಗಿದೆಯಾ?" ಅನ್ನೋಳು. ಅವತ್ತು ಇವನ ಬೆರಳು ಸುಮ್ಮನೆ ತೊಡೆ ಮೇಲೆ ಆಡ್ತಾ ಇದ್ವು. ಹೆಂಡತಿ "ಕಾಫಿ ತರ್ಲೇನ್ರೀ?" ಅಂದ್ಲು. ಮಗಳು "ಅಪ್ಪ ಹೇಳಿದ್ದೇ ಸರಿ" ಅಂದ್ಲು. ಪಕ್ಕದ ಮನೆಯೋನು ಬೇಲಿಯಿಂದ ಇಣುಕಿ, ಅವನು ಏನಂತಾನೆ ಅಂತ ಇವನು ಅಂದ್ಕೊಂಡಿದ್ನೋ ಅದನ್ನೇ ಅಂದು ಹೋದ. ಗುಮಾಸ್ತ ತೊಡೆ ನೋಡ್ಕೊಂಡ. ಬೆರಳು ಆಡ್ತಾನೇ ಇದ್ವು. ಹೆಂಡತಿ ಬೈದು ಎಷ್ಟು ವರ್ಷ ಆಯ್ತು ಅಂತ ಯೋಚಿಸಿದ. ನೆನಪಾಗ್ಲಿಲ್ಲ. ಮನೆ ತುಂಬ ಜನ ಇದ್ರು, ಎಲ್ಲರ ಬಾಯಲ್ಲೂ ಇವನೊಬ್ಬನೇ ಇದ್ದ.

ಆಗ ಅವನಿಗೆ ಹೆದರಿಕೆ ಆಯ್ತು ನೋಡು. ಹೆಂಡತೀನ ಹಿಡಿದು ಅಲ್ಲಾಡಿಸಿ, "ಬೈಯೇ, ಒಂದು ಸಲ ಬೈಯೇ ನನ್ನ!" ಅಂತ ಕೂಗಿದ. ಬೆರಳು ಟಕಟಕ ಅಂದ್ವು. "ಅಯ್ಯೋ, ನಾನ್ಯಾಕೆ ಬೈಲಿ?" ಅಂದ್ಲು ಅವಳು, ನಗುನಗುತಾ.

ಬೆಳಗ್ಗೆ ಎದ್ದೋನೇ ಬೆಂಚಿನ ಹತ್ರ ಓಡಿದ. ಕಡತ ಕಟ್ಟೋ ಕೆಂಪು ಲಾಡಿ ತಗೊಂಡು, ಹಲ್ಲಲ್ಲಿ ಕಚ್ಚಿ ಎಳೆದು, ತನ್ನ ಹತ್ತೂ ಬೆರಳನ್ನ ಒಟ್ಟಿಗೆ ಬಿಗಿದ. ಹೆಂಗಸಿನ ಎದುರಿಗೆ ಮಣ್ಣಲ್ಲಿ ಕೂತ.

"ಅಕ್ಕಾ, ನಿನ್ನ ಮಾತು ಹೇಳು. ಈ ಸಲ ನೀನು ಏನು ಹೇಳ್ತೀಯ ಅಂತ ನಾನು ಮೊದಲೇ ಅಂದ್ಕೊಳ್ಳಲ್ಲ. ನೀನು ಹೇಳಿದ್ರೆ ಆ ಪತ್ರ ಸುಳ್ಳು ಅಂತ ನಾನೇ ಜಡ್ಜ್ ಮುಂದೆ ಹೇಳ್ತೀನಿ. ನಿನ್ನ ಕೋಣೆ ನಿನಗೆ ಸಿಗುತ್ತೆ. ಹೇಳ್ಲಿಲ್ಲ ಅಂದ್ರೆ ನಿನಗೆ ಬೀದಿ, ನನಗೆ ನನ್ನ ಮಾತೇ ತುಂಬಿರೋ ಆ ಮನೆ."

ಅವಳು ಅವನನ್ನೇ ನೋಡಿದ್ಲು. ತುಟಿ ಅಲುಗಾಡ್ತು, ನಿಂತುಹೋಯ್ತು. ಲಾಡಿ ಒಳಗೆ ಬೆರಳುಗಳು ಹಾವು ಹೊಕ್ಕ ಗೂಡಿನ ಕೋಳಿಗಳ ಹಾಗೆ ಒದ್ದಾಡಿದ್ವು. ಅವನು ಕಣ್ಣು ಮುಚ್ಚಿ, ಮನಸ್ಸಿಗೆ ಬಂದ ಮಾತನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದ. ಕೋರ್ಟು ಶುರುವಾಯ್ತು. ಜನ ಬಂದ್ರು, ಜನ ಹೋದ್ರು. ನೆರಳು ಬೆಂಚು ದಾಟಿ ಗೋಡೆ ಹತ್ತಿತು. ಅವನು ಕಾದ. ಕೊನೆಗೊಮ್ಮೆ ಒಳಗೆ ಏನೂ ಉಳೀಲಿಲ್ಲ. ಬೆರಳು ತಣ್ಣಗಾದ್ವು. ಅವಳು ಏನು ಹೇಳ್ತಾಳೆ ಅನ್ನೋದು ಅವನಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.

ಹೆಂಗಸು ಸೆರಗು ಬಿಗಿ ಮಾಡ್ಕೊಂಡ್ಲು. ಉಸಿರು ಎಳ್ಕೊಂಡ್ಲು. ಬಾಯಿ ತೆರೆದ್ಲು—

ಮೇಷ್ಟ್ರು ನಿಲ್ಲಿಸಿದ್ರು. ಬೀದೀಲಿ ಯಾವುದೋ ಸೈಕಲ್ಲಿನ ಗಂಟೆ ಕೇಳಿಸ್ತು. ಮೇಷ್ಟ್ರು ಕೆಮ್ಮಿ ಗಂಟಲು ಸರಿ ಮಾಡ್ಕೊಂಡ್ರು. ಸುಗುಣಳಿಗೆ ತಡೆಯೋಕಾಗ್ಲಿಲ್ಲ.

"'ಕೊಡಲ್ಲ' ಅಂದ್ಲು! ಅಲ್ವಾ ಮೇಷ್ಟ್ರೇ? 'ಕೋಣೆ ಕೊಡಲ್ಲ' ಅಂದ್ಲು ತಾನೆ?"

ಮೇಷ್ಟ್ರು ಅವಳ ಮುಖಾನೇ ನೋಡಿದ್ರು.

"ಅಷ್ಟು ದಿನ ಕಾದಿದ್ಲು ಕಣವ್ವಾ, ನೀನೂ ಅವಳಿಗೆ ಹೇಳೋಕೆ ಬಿಡ್ಲಿಲ್ಲ."