ಶಿವಲೆಂಕ ಪಂಡಿತರ ಮೂರು ಮಾತು

"ಹಾಲಗುಂದಿಯ ಮಂದಿಯೆಲ್ಲ ಕಿವಿಗೊಡಿ! ಶಿವಲೆಂಕ ಪಂಡಿತ ಸಾಯುವಾಗ ಆಡಿದ ಮೂರು ಒಗಟು ಬಿಡಿಸಿದವನಿಗೆ ಅರಸುಕುವರಿ ಹೊನ್ನಲೆಯ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ಶೂಲ."

ಡಂಗುರ ಕೇಳಿ, ಕಾಡಿನಲ್ಲಿ ಮರದ ಅಂಟು ಆಯುತ್ತಿದ್ದ ಜುಂಜ ಬುಟ್ಟಿ ಕೆಳಗಿಟ್ಟ. ಪಂಡಿತರ ಮದ್ದು ತಿಂದು ಎಂಟು ವರ್ಷದ ರಾಜಕುಮಾರ ಸತ್ತಿದ್ದ; ವಿಷವಿಟ್ಟರೆಂದು ಅರಸ ಪಂಡಿತರನ್ನು ಶೂಲಕ್ಕೇರಿಸಿದ್ದ. ಈಗ ಅವರ ಹೆಂಡತಿ ಗಂಗಕ್ಕನಿಗೆ ಊರವರು ಬಾವಿಯ ನೀರು ಮುಟ್ಟಲೂ ಬಿಡುತ್ತಿಲ್ಲ. ಜುಂಜನ ಅಂಟನ್ನು ಹತ್ತು ವರ್ಷ ಕೊಂಡ ಮನೆ ಅದು, ಬಂದಾಗೆಲ್ಲ ಅವನಿಗೆ ಉಣ್ಣಲಿಕ್ಕಿದ ಮನೆ.

ಅವನು ಬುಟ್ಟಿ ಹೊತ್ತು ಹೋದಾಗ ಅರಮನೆಯ ಬಾಗಿಲಲ್ಲಿ ಎರಡು ಪೇಟಗಳು ತೂಗುತ್ತಿದ್ದವು. ಒಗಟಿಗೆ ಜೇನು ಎಂದು ಶೂಲಕ್ಕೇರಿದ ಪರನಾಡಿನ ರಾಜಪುತ್ರನದೊಂದು, ಉಪ್ಪು ಎಂದು ಏರಿದ ವಿದ್ವಾಂಸನದೊಂದು.

"ನಿನಗೆ ತೂಗಹಾಕಲು ಪೇಟವೂ ಇಲ್ಲವಲ್ಲೋ," ಎಂದ ಕಾವಲಿನವ.

"ಬುಟ್ಟಿ ಇದೆಯಲ್ಲಣ್ಣ," ಎಂದ ಜುಂಜ.

ಒಳಗೆ ಅರಸನ ಮುಂದೆ ಹೊನ್ನಲೆ ನೆಲ ನೋಡುತ್ತಲೇ ಒಗಟು ಕೇಳಿದಳು. "ತಾನು ಯಾವ ರೋಗವನ್ನೂ ವಾಸಿ ಮಾಡ. ಆದರೂ ಅವನಿಲ್ಲದೆ ಮದ್ದು ನಿಲ್ಲದು. ಯಾರವನು?"

"ಅಂಟು, ತಾಯಿ. ಪುಡಿಯನ್ನು ಉಂಡೆಯಾಗಿ ಹಿಡಿಯೋದು ಅದೇ."

"ಗಾಯದಲ್ಲಿ ಹುಟ್ಟಿ, ಒಣಗಿ ಕಲ್ಲಾಗಿ, ನೀರು ಕಂಡರೆ ಉಬ್ಬುತ್ತಾನೆ. ಒಳಗಿನ ಬಂದಿಯನ್ನು ಒಮ್ಮೆಗೇ ಬಿಡ, ಇಷ್ಟಿಷ್ಟೇ ಬಿಡುತ್ತಾನೆ."

"ಅದೂ ಅಂಟೇ. ಮರಕ್ಕೆ ಕಚ್ಚು ಹಾಕಿದರೆ ಒಸರುತ್ತೆ. ಹೊಟ್ಟೆಯಲ್ಲಿ ನೆಂದು ಲೋಳೆಯಾಗಿ, ಉಗ್ರ ಮದ್ದನ್ನು ದಿನವಿಡೀ ಚೂರುಚೂರೇ ಬಿಡುತ್ತೆ."

ಹೊನ್ನಲೆ ಈಗ ತಲೆಯೆತ್ತಿದಳು. "ಇಡಿಯಾಗಿದ್ದರೆ ಕಾಯುವ ಕಾವಲುಗಾರ ಅವನು. ಒಡೆದ ಕೈ ಯಾವುದು?"

ಜುಂಜ ಬುಟ್ಟಿಯೊಳಗಿನ ಅಂಟನ್ನು ತಿರುವಿ ನೋಡಿದ. ಅಂಟು ತನ್ನದೇ, ಚೊಕ್ಕಟವಾದದ್ದು. ಹಾಗಾದರೆ ಉಂಡೆ ಕೆಟ್ಟದ್ದೆಲ್ಲಿ? "ತಾಯಿ, ಮಗು ಉಂಡೆಯನ್ನು ಇಡಿಯಾಗಿ ನುಂಗಿತೆ?"

"ದಪ್ಪ ಇದೆ, ಗಂಟಲಿಗೆ ಇಳಿಯೋದಿಲ್ಲ ಅಕ್ಕ ಅಂತ ಅತ್ತ. ಕುಟ್ಟಿ ಪುಡಿಮಾಡಿ ಹಾಲಲ್ಲಿ..." ಅವಳು ತನ್ನ ಅಂಗೈ ನೋಡಿಕೊಂಡಳು.

ಉತ್ತರ ಹೊಳೆದ ಜುಂಜ ಬುಟ್ಟಿ ಎತ್ತಿಕೊಂಡು ಹಿಂದೆ ಸರಿದ.

"ಉತ್ತರ ಹೇಳು, ಇಲ್ಲವೇ ಶೂಲ," ಎಂದ ಅರಸ.

"ಶೂಲವೇ ಆಗಲಿ, ದೊರೆ."

"ನಾನೇ ಹೇಳುತ್ತೇನೆ ಅಪ್ಪಾಜಿ," ಎಂದಳು ಹೊನ್ನಲೆ. "ಅಕ್ಕನ ಕೈ, ನನ್ನದೇ. ದಿನದ ಮದ್ದೆಲ್ಲ ಒಂದೇ ಗುಟುಕಿಗೆ ಇಳಿಯಿತು. ಪಂಡಿತರಿಗೆ ಗೊತ್ತಿತ್ತು, ಅಲ್ಲವೆ?"

"ಗೊತ್ತಿತ್ತು ತಾಯಿ. ನಿಮ್ಮ ಹೆಸರು ಹೇಳಲು ಮನಸ್ಸು ಬರಲಿಲ್ಲ. ಸುಳ್ಳು ಹೇಳಲೂ ಬರಲಿಲ್ಲ. ಒಗಟು ಹೇಳಿದರು."

ಅರಸ ಸಿಂಹಾಸನದಿಂದ ಇಳಿದು ಬಂದ. "ಗೆದ್ದವನು ನೀನೇ. ಬೇಕಾದ್ದು ಕೇಳು," ಎಂದ.

"ರಾಜ್ಯ ಬೇಡ, ಕೈಯೂ ಬೇಡ. ಪಂಡಿತರು ಕೊಂದಿಲ್ಲ ಅಂತ ಅದೇ ಡಂಗುರ ಸಾರಲಿ. ಗಂಗಕ್ಕನಿಗೆ ಬಾವಿ ಬಿಟ್ಟುಕೊಡಿ."

ಮಧ್ಯಾಹ್ನ ಡಂಗುರ ಹೊರಟಿತು. ಶಿವಲೆಂಕ ಪಂಡಿತ ನಿರಪರಾಧಿ ಎಂದು ಸಾರಿ, ಉಂಡೆ ಒಡೆದವರ ಹೆಸರು ಬಂದಾಗ ಸಾರುವವನು ಕೆಮ್ಮಿ ತಡೆದ. ಹಿಂದೆಯೇ ಬರಿಗಾಲಲ್ಲಿ ಬರುತ್ತಿದ್ದ ಹೊನ್ನಲೆ ಬೀದಿ ಬೀದಿಯಲ್ಲೂ ತನ್ನ ಹೆಸರನ್ನು ತಾನೇ ಹೇಳಿದಳು. ಗಂಗಕ್ಕನ ಬಾಗಿಲು ಬಂದಾಗ ಮಾತ್ರ ಅವಳಿಗೆ ದನಿ ಹೊರಡಲಿಲ್ಲ.

ಗಂಗಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಜುಂಜ ಆಗಷ್ಟೇ ಬಾವಿಯಿಂದ ತಂದಿಟ್ಟ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ, ಹೊನ್ನಲೆಯತ್ತ ನೋಡದೆಯೇ ಹೊಸ್ತಿಲ ಮೇಲಿಟ್ಟಳು.