ಜ್ವರ ಬಂದ ನಲ್ಲಿ

ನನ್ನ ಹೆಗಲ ಮೇಲಿರುವ ಈ ಕಂಬಳಿ ಮಾಳವ್ವನದು. ಅರಮನೆಯ ನಲ್ಲಿಗೆ ಜ್ವರ ಬಂದಾಗ ಅದು ಹೊದ್ದು ಮಲಗಿದ್ದು ಇದನ್ನೇ. ನಂಬದಿದ್ದರೆ ಬಿಡಿ. ಕಂಡವರೆಲ್ಲ ಮಣ್ಣಾದರು, ಸಾಕ್ಷಿಗೆ ಉಳಿದವನು ನಾನೊಬ್ಬನೇ. ಗೌರಕ್ಕ, ಆ ಕೊರಡನ್ನು ಬೆಂಕಿಗೆ ಸ್ವಲ್ಪ ನೂಕು. ಹಾಂ, ಕೇಳಿ.

ಒಂದಾನೊಂದು ಊರಿತ್ತು. ಊರಿಗಿಂತ ಅಲ್ಲಿಯ ಅರಮನೆಯ ಬಚ್ಚಲೇ ದೊಡ್ಡದಿತ್ತು. ಬಚ್ಚಲಲ್ಲಿ ಎರಡು ನಲ್ಲಿ. ಒಂದು ಬಿಸಿನೀರಿನದು, ಒಂದು ತಣ್ಣೀರಿನದು. ರಾಜನಿಗೆ ತಣ್ಣೀರಿನ ಹುಚ್ಚು. ಮೀಯುವುದು ತಣ್ಣೀರು, ಕುಡಿಯುವುದು ತಣ್ಣೀರು, ಸಿಟ್ಟು ಬಂದರೆ ತಲೆಗೆ ಸುರಿದುಕೊಳ್ಳುವುದೂ ತಣ್ಣೀರು.

ಬಚ್ಚಲ ಹಂಡೆಗೆ ಉರಿ ಹಾಕುವವಳು ಮಾಳವ್ವ. ಅವಳಿಗೆ ಅಂತ ಇದ್ದದ್ದು ಒಂದು ಕಂಬಳಿ. ಗಂಡ ಬೀರಣ್ಣ ನೆಯ್ದದ್ದು. ಮೂರು ಮೂಲೆ ಕಟ್ಟಿದ, ನಾಲ್ಕನೆಯದನ್ನು ಕಟ್ಟುವ ಮೊದಲೇ ತೀರಿಹೋದ. ಆ ಮೂಲೆ ಎಳೆ ಬಿಟ್ಟುಕೊಂಡೇ ಇತ್ತು. ಕಟ್ಟಿಕೊಡುತ್ತೇನೆ ಅಂತ ಬಂದವರಿಗೆಲ್ಲ ಮಾಳವ್ವ, “ಬೇಡಪ್ಪ, ಅವನು ಬಿಟ್ಟ ಕಡೆ ಅದು” ಅನ್ನುತ್ತಿದ್ದಳು. ಆ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಣ್ಣೀರಿನ ನಲ್ಲಿಯಲ್ಲಿ ಬೆಚ್ಚಗಿನ ನೀರು ಬಂತು. ರಾಜ ಬೆರಳು ಇಟ್ಟ, ತೆಗೆದ, ಮತ್ತೆ ಇಟ್ಟ. ಪಂಡಿತನನ್ನು ಕರೆಸಿದ. ಪಂಡಿತ ನಲ್ಲಿಯ ಕತ್ತು ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡಿದ.

“ಜ್ವರ” ಅಂದ.

ಜ್ವರಕ್ಕೆ ನಾವು ಏನು ಮಾಡುತ್ತೇವೆ? ಕಂಬಳಿ ಹೊದಿಸುತ್ತೇವೆ, ಬಿಸಿ ಕಷಾಯ ಕುಡಿಸುತ್ತೇವೆ. ನಲ್ಲಿಗೂ ಕಂಬಳಿ ಹೊದಿಸಿದರು. ಅದರ ಬಾಯಿ ಇರುವುದು ಕಕ್ಕುವುದಕ್ಕೆ, ಕುಡಿಯುವುದಕ್ಕಲ್ಲ. ಹಾಗಾಗಿ ಮಾಳಿಗೆ ಮೇಲಿನ ತೊಟ್ಟಿಗೆ ಹೋಗಿ ಕುದಿಯುವ ಕಷಾಯ ಸುರಿದರು. ನೀರು ಇನ್ನೂ ಬಿಸಿಯಾಗಿ, ಶುಂಠಿ ಮೆಣಸಿನ ಘಾಟಿನೊಂದಿಗೆ ಬಂತು.

“ಜ್ವರ ಏರಿದೆ” ಅಂದ ಪಂಡಿತ. “ಇನ್ನೆರಡು ಕಂಬಳಿ ತನ್ನಿ.”

ಇನ್ನೆರಡು ತಂದರು. ಇನ್ನಷ್ಟು ಕಷಾಯ ಸುರಿದರು. ಜ್ವರ ಇನ್ನಷ್ಟು ಏರಿತು. ಬರೀ ತಲೆಗೆ ಹೊದಿಸಿದರೆ ಮೈಗೆ ಚಳಿಯಾಗುವುದಿಲ್ಲವೇ? ಪೈಪಿನ ಉದ್ದಕ್ಕೂ ಹೊದಿಸಿದರು. ಪೈಪು ಉದ್ದ, ಅರಮನೆಯ ಕಂಬಳಿ ಕಡಿಮೆ. ಊರಿನ ಕಂಬಳಿಯೆಲ್ಲ ಬಂತು. ಊರು ಗಡಗಡ ನಡುಗಿತು, ನಲ್ಲಿ ಬೆವರಿತು. ಕೊನೆಗೆ ಮಾಳವ್ವನ ಕಂಬಳಿಯನ್ನೂ ಕಿತ್ತು ನಲ್ಲಿಯ ಕುತ್ತಿಗೆಗೆ ಸುತ್ತಿದರು.

“ಮೂರನೆಯ ದಿನಕ್ಕೂ ಜ್ವರ ಇಳಿಯದಿದ್ದರೆ ನಲ್ಲಿ ಉಳಿಯುವುದಿಲ್ಲ. ಹೊದ್ದ ಬಟ್ಟೆಯ ಸಮೇತ ಹೂಳಬೇಕಾಗುತ್ತದೆ” ಅಂದ ಪಂಡಿತ. ರಾಜ ಅಳುತ್ತ ಹೂಂ ಅಂದ.

ಮಾಳವ್ವ ಎರಡು ರಾತ್ರಿ ಬರಿಗೈ ಮುಷ್ಟಿ ಹಿಡಿದು ಕೂತಳು. ಮೂರನೆಯ ಬೆಳಿಗ್ಗೆ, ಕಷಾಯ ಬರುವ ಮೊದಲೇ ಮಾಳಿಗೆ ಹತ್ತಿದಳು. ತೊಟ್ಟಿ ಮುಟ್ಟಿದಳು. ತಣ್ಣಗಿತ್ತು. ಕಂಬಳಿಗಳ ಕೆಳಗೆ ಕೈ ತೂರಿಸಿ ಪೈಪಿನ ಗುಂಟ ಇಳಿದಳು. ತಣ್ಣಗೆ. ತಿರುವಿನಲ್ಲೂ ತಣ್ಣಗೆ. ಹಂಡೆಯ ಹಿಂದಿನ ಗೋಡೆಗೆ ಬಂದಾಗ ಕೈ ಚುರ್ ಅಂತು. ಅಲ್ಲಿ ಬಿಸಿನೀರಿನ ಪೈಪೂ ತಣ್ಣೀರಿನ ಪೈಪೂ ಮೈಗೆ ಮೈ ತಾಗಿಸಿಕೊಂಡಿದ್ದವು.

“ಯಾಕಪ್ಪ ತಣ್ಣೀರಿನವನಿಗೆ ಹೀಗೆ ಮಾಡಿದೆ?” ಅಂತ ಬಿಸಿನೀರಿನ ನಲ್ಲಿಯನ್ನು ಕೇಳಿದಳು.

“ಏಳು ವರ್ಷದಿಂದ ನನ್ನ ಕಿವಿ ಯಾರೂ ತಿರುಗಿಸಿಲ್ಲ ಕಣವ್ವ” ಅಂತು ನಲ್ಲಿ. “ನೀನು ದಿನಾ ಉರಿ ಹಾಕುತ್ತೀಯ. ಅಷ್ಟು ಬಿಸಿ ಎಲ್ಲಿಡಲಿ? ಸಾರು ಮಿಕ್ಕರೆ ನೀವು ಪಕ್ಕದ ಮನೆಗೆ ಒಂದು ಬಟ್ಟಲು ಕೊಡುವುದಿಲ್ಲವೇ? ಹಾಗೇ ಕೊಟ್ಟೆ.”

ಮಾಳವ್ವ ಒಲೆಯ ಮುಂದೆ ಕೂತಳು. ಹೌದಲ್ಲ, ಅಂದುಕೊಂಡಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಬೀರಣ್ಣನ ಮೂಲೆ ಮಣ್ಣಿಗೆ ಹೋಗುತ್ತದೆ. ಎದ್ದು ಸೀದಾ ರಾಜನ ಹತ್ತಿರ ಹೋದಳು.

“ಜ್ವರ ಅಲ್ಲ ದೊರೆ. ಉರಿ ಹಾಕಿದವಳು ನಾನು.”

“ಹಾಕು ಅಂತ ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ಬೇಡ ಅಂತಲೂ ಯಾರೂ ಹೇಳಲಿಲ್ಲ.”

“ಹಾಗಾದರೆ ನಾಳೆಯಿಂದ ಉರಿಯೂ ಬೇಡ, ನೀನೂ ಬೇಡ.”

“ಆಗಲಿ. ಕಾದ ನೀರು ಇವತ್ತಿನದು ಇದೆ. ಹೊರಗೆ ಊರು ನಡುಗುತ್ತಿದೆ. ಅವರು ಮಿಂದು ಹೋಗಲಿ. ಆಮೇಲೆ ನಿಮ್ಮ ನಲ್ಲಿ ತಣ್ಣಗಾದರೆ ನನ್ನ ಉರಿ ಉಳಿಯಲಿ, ದಿನಾ ಊರು ಮೀಯಲಿ. ಆಗದಿದ್ದರೆ ಹೂಳುವಾಗ ನನ್ನನ್ನೂ ಸೇರಿಸಿ.”

ರಾಜ ಒಪ್ಪಿದ. ಪಂಡಿತ ಮುಖ ತಿರುಗಿಸಿದ. ಮಾಳವ್ವ ಕಂಬಳಿಗಳನ್ನೆಲ್ಲ ಕಿತ್ತು ಹಾಕಿದಳು, ಕಷಾಯ ನಿಲ್ಲಿಸಿದಳು. ಬಿಸಿನೀರಿನ ನಲ್ಲಿಯ ಕಿವಿ ತಿರುಗಿಸಿದಳು. ಊರು ಚೊಂಬು ಹಿಡಿದು ಸಾಲು ನಿಂತಿತು. ಮಧ್ಯಾಹ್ನಕ್ಕೆ ರಾಜ ತಣ್ಣೀರಿನ ನಲ್ಲಿಗೆ ಬೆರಳಿಟ್ಟ. ಹಿಮದಂತೆ ಕೊರೆಯಿತು. ಮೂರು ಸಲ ಸೀನಿದ. ಸುಮ್ಮನೆ ಹೋಗಿ ಬಿಸಿನೀರಿನ ಸಾಲಿನ ಕೊನೆಯಲ್ಲಿ ನಿಂತ.

ಮಾಳವ್ವ ತನ್ನ ಕಂಬಳಿ ಹೊತ್ತು ಮನೆಗೆ ಹೋದಳು. ಶುಂಠಿ ವಾಸನೆ ಹೋಗಿರಲಿಲ್ಲ. ಎಳೆ ಮುಷ್ಟಿಯಲ್ಲಿ ಹಿಡಿದು ಎರಡು ದಿನದ ನಿದ್ದೆ ಒಟ್ಟಿಗೆ ಮಾಡಿದಳು. ಅವರು ಅಲ್ಲಿ ಬೆಚ್ಚಗಾದರು, ನಾವು ಇಲ್ಲಿ ಬೆಚ್ಚಗಿದ್ದೇವೆ. ನೀತಿ ಏನಪ್ಪ ಅಂದರೆ, ನಲ್ಲಿಗೆ ಕಷಾಯ ಕುಡಿಸುವ ಮೊದಲು ಶುಂಠಿ ಜಜ್ಜಬೇಕು.

“ಅಜ್ಜ” ಅಂದಳು ಗೌರಕ್ಕ. ಅವಳು ಆಗಲೇ ಕಂಬಳಿಯ ಅಂಚು ಎಳೆದು ತಿರುವಿ ತಿರುವಿ ನೋಡುತ್ತಿದ್ದಳು. “ಇದರ ನಾಲ್ಕೂ ಮೂಲೆ ಕಟ್ಟಿದೆಯಲ್ಲ.”

ಅಜ್ಜ ಮೂಲೆ ನೋಡಿದ. ಬೆಂಕಿ ನೋಡಿದ.

“ಇಷ್ಟು ವರ್ಷದಲ್ಲಿ ಯಾರೋ ಕಟ್ಟಿರಬೇಕು ಬಿಡು” ಅಂತ ಹೆಗಲು ಕುಣಿಸಿದ.