ಸರಾಸರಿ ಒಂದು ಬುಟ್ಟಿ

ಒಂದು ಕಾಡಿನಲ್ಲಿ ಮಳೆಗಿಂತ ಬಿಸಿಲು ಹೆಚ್ಚು, ಮರಕ್ಕಿಂತ ಮುಳ್ಳು ಹೆಚ್ಚು. ಹಾಗಾಗಿ ಅದಕ್ಕೆ ಕುರುಚಲುಕಾಡು ಅಂತಲೇ ಹೆಸರು. ಅಲ್ಲಿ ಸಿದ್ದವ್ವ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳನ್ನು ಕಟ್ಟಿಕೊಂಡು ಒಂದು ಬಿಲದಲ್ಲಿ ವಾಸವಾಗಿದ್ದಳು. ಅವಳಿಗೆ ಮಾತು ಕಡಿಮೆ. ಎದುರಿಗೆ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಸ್ವಭಾವ. ಆದರೆ ಸಿಟ್ಟು ಬಂದರೆ ಮುಚ್ಚಿಡಲು ಆಗುತ್ತಿರಲಿಲ್ಲ. ಬಾಯಿ ಸುಮ್ಮನಿದ್ದರೂ ಬೆನ್ನ ಮೇಲಿನ ಮುಳ್ಳುಗಳು ತಾವಾಗಿಯೇ ಎದ್ದು ಗಲಗಲ ಎನ್ನುತ್ತಿದ್ದವು.

ಗುಡ್ಡದ ಆಚೆ ಇನ್ನೊಂದು ಕಾಡಿತ್ತು. ಅದು ಹೊಳೆಕಾಡು. ಅಲ್ಲಿ ವರ್ಷವಿಡೀ ನೀರು, ಎದೆಮಟ್ಟದ ಹುಲ್ಲು, ಕೆಳಗೆ ಬಿದ್ದು ಕೊಳೆಯುವಷ್ಟು ಹಣ್ಣು. ಬೇಸಿಗೆ ಬಂದರೆ ಹೊಳೆಕಾಡಿನವರು ಒಡ್ಡು ಬಿಡಿಸಿ ಕಾಲುವೆಯಲ್ಲಿ ಒಂದಿಷ್ಟು ನೀರನ್ನು ಈಚೆ ಹರಿಸುತ್ತಿದ್ದರು. ಆ ನೀರು ಗುಡ್ಡದ ಬುಡ ಸುತ್ತಿ ಬಂದು ಕುರುಚಲುಕಾಡಿನ ಒಂದೇ ಒಂದು ಹೊಂಡವನ್ನು ತುಂಬುತ್ತಿತ್ತು. ಮಳೆ ಬರುವವರೆಗೆ ಅಲ್ಲಿನ ಎಲ್ಲರ ಜೀವ ಆ ಹೊಂಡದಲ್ಲಿತ್ತು.

ನೀರು ಬಿಡುವುದಕ್ಕೆ ಒಂದು ಕಟ್ಟಳೆಯಿತ್ತು. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಕೊಕ್ಕರೆಗಳು ಬಂದು ಹೊಂಡದ ದಂಡೆಯಲ್ಲಿ ಒಂದು ಇಡೀ ದಿನ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದವು. ಕಾಡಿನವರೆಲ್ಲ ಆ ದಿನ ಎಷ್ಟು ತಿಂದರು ಎಂದು ನೋಡಿ, ಅದನ್ನೆಲ್ಲ ಕೂಡಿಸಿ, ತಲೆಗೆ ಇಷ್ಟು ಎಂದು ಸಮನಾಗಿ ಹಂಚುತ್ತಿದ್ದವು. ಇದಕ್ಕೆ ಸರಾಸರಿ ಎಂದು ಹೆಸರು. ಸರಾಸರಿ ಒಂದು ಬುಟ್ಟಿಗಿಂತ ಕಡಿಮೆ ಬಂದರೆ ಅದು ಬಡ ಕಾಡು, ನೀರು ಬಿಡಬೇಕು. ಒಂದು ಬುಟ್ಟಿ ಬಂದರೆ ಅದು ಉಳ್ಳವರ ಕಾಡು, ನೀರು ಬೇಕಿಲ್ಲ. ಕುರುಚಲುಕಾಡಿನ ಸರಾಸರಿ ಕಾಲು ಬುಟ್ಟಿಯನ್ನು ದಾಟಿದ್ದೇ ಇಲ್ಲ. ಹಾಗಾಗಿ ನೀರು ತಪ್ಪಿದ್ದೂ ಇಲ್ಲ.

ಸಿದ್ದವ್ವನಿಗೆ ಕೊಕ್ಕರೆಗಳ ಮೇಲೆ ಏನೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಇದ್ದದ್ದು ಕಾಡಿನ ಯಜಮಾನನ ಮೇಲೆ. ಅವನು ಚೆಲುವಯ್ಯ ಎಂಬ ನರಿ. ಪ್ರತಿ ಹುಣ್ಣಿಮೆಗೆ ಹೊಳೆಕಾಡಿನ ಆಲದ ಕಟ್ಟೆಯಲ್ಲಿ ಸುತ್ತಲಿನ ಕಾಡುಗಳ ಯಜಮಾನರಿಗೆ ಔತಣ ನಡೆಯುತ್ತಿತ್ತು. ಉಳ್ಳ ಕಾಡಿನವರು ಕಟ್ಟೆಯ ಮೇಲೆ ಕೂರುತ್ತಿದ್ದರು. ಬಡ ಕಾಡಿನವರಿಗೆ ಕೆಳಗೆ, ಎಂಜಲೆಲೆ ಎಸೆಯುವ ಕಡೆ ಜಾಗ. ಇದು ಚೆಲುವಯ್ಯನಿಗೆ ನುಂಗಲಾರದ ತುತ್ತಾಗಿತ್ತು. ಊಟ ಮುಗಿಸಿ ಬಂದವನೇ ಶುರುಮಾಡುತ್ತಿದ್ದ. ಅಲ್ಲಿ ತಲೆಗೆ ನಾಲ್ಕು ಬುಟ್ಟಿಯಂತೆ, ಇಲ್ಲಿ ಕಾಲು ಬುಟ್ಟಿ. ಅಲ್ಲಿನ ಹುಲ್ಲೇ ಬೇರೆ, ನೆರಳೇ ಬೇರೆ. ಕೊನೆಗೆ ಅಲ್ಲಿನ ಕಪ್ಪೆ ವಟಗುಟ್ಟುವುದರಲ್ಲೂ ಒಂದು ಗತ್ತಿದೆ ಎನ್ನುವವರೆಗೆ ಬಂದಿದ್ದ. ಕೇಳಿ ಕೇಳಿ ಸಿದ್ದವ್ವನಿಗೆ ಸಾಕಾಗಿಹೋಗಿತ್ತು. ಹೊಂಡದ ಹೂಳು ತೆಗೆಸಿ ಎಂದು ಅವಳು ಹೇಳಿದಾಗ ಅವನ ಕಿವಿಗೆ ಬೀಳುತ್ತಿರಲಿಲ್ಲ. ಆಚೆ ಕಾಡಿನ ಕಪ್ಪೆಯ ದನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಆ ವರ್ಷ ಕೊಕ್ಕರೆಗಳು ಬರುವ ದಿನ ಬೆಳಿಗ್ಗೆಯೇ ನೆಲ ಅದುರಿತು. ಸಿದ್ದವ್ವ ಬಿಲದಿಂದ ಇಣುಕಿ ನೋಡಿದಳು. ಚೆಲುವಯ್ಯ ಮುಂದೆ ಮುಂದೆ, ಅವನ ಹಿಂದೆ ಹೊಳೆಕಾಡಿನ ಆನೆ ಮಾದಣ್ಣ. ನಮ್ಮ ಕಾಡಿನ ಬೇಲದ ಹಣ್ಣಿಗೆ ಸಮನಾದದ್ದು ಎಲ್ಲೂ ಇಲ್ಲ, ಒಂದು ದಿನದ ಮಟ್ಟಿಗಾದರೂ ಬಂದು ರುಚಿ ನೋಡು ಅಂತ ನರಿ ಕರೆದಿದ್ದನಂತೆ. ಮಾದಣ್ಣನದು ಕರೆದರೆ ಹೋಗುವ, ಕೊಟ್ಟರೆ ತಿನ್ನುವ ಜೀವ. ಬೇಲದ ತೋಪಿಗೆ ನುಗ್ಗಿದ. ಕಾಡಿನವರೆಲ್ಲ ಎರಡು ತಿಂಗಳು ಮೆಲ್ಲಗೆ ತಿನ್ನಬೇಕಿದ್ದ ಹಣ್ಣು ಸಂಜೆಯೊಳಗೆ ಖಾಲಿಯಾಯಿತು. ಅದರ ಮೇಲೆ ಹೊಂಡದ ಅರ್ಧ ನೀರು ಕುಡಿದ.

ಕೊಕ್ಕರೆಗಳು ದಂಡೆಯಲ್ಲಿ ನಿಂತು ಎಲ್ಲವನ್ನೂ ನೋಡಿದವು. ಲೆಕ್ಕದ ದಿನ ಕಾಡಿನೊಳಗೆ ಯಾರಿದ್ದರೋ ಅವರು ಆ ಕಾಡಿನವರು, ಅದು ಕಟ್ಟಳೆ. ಆನೆಯೂ ಸೇರಿ ಮೂವತ್ತು ತಲೆ. ತಿಂದದ್ದು ಒಟ್ಟು ಮೂವತ್ತು ಬುಟ್ಟಿ. ಹಿರಿಯ ಕೊಕ್ಕರೆ ಎತ್ತಿದ ಕಾಲು ಕೆಳಗಿಟ್ಟು, ಕುರುಚಲುಕಾಡಿನಲ್ಲಿ ಈಗ ಪ್ರತಿಯೊಬ್ಬರೂ ದಿನಕ್ಕೆ ಒಂದು ಬುಟ್ಟಿ ತಿನ್ನುತ್ತಿದ್ದಾರೆ, ಇದು ಇನ್ನು ಬಡ ಕಾಡಲ್ಲ ಎಂದು ಸಾರಿತು. ಚೆಲುವಯ್ಯ ಬಾಲ ಎತ್ತಿ ಕುಣಿದ. ಹಸಿದ ಹೊಟ್ಟೆಯವರೂ ಯಾಕೆಂದು ತಿಳಿಯದೆ ಅವನ ಜೊತೆ ಕುಣಿದರು.

ಸಿದ್ದವ್ವನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಕೊಕ್ಕರೆಯ ಹತ್ತಿರ ಹೋದಳು.

"ಸ್ವಾಮಿ, ನಾನು ಇವತ್ತು ತಿಂದದ್ದು ಎರಡು ಗೆಡ್ಡೆ."

"ಅದು ನಿನ್ನೊಬ್ಬಳ ಮಾತಾಯ್ತು. ನಾವು ಹೇಳ್ತಿರೋದು ಎಲ್ಲರ ಮಾತು."

"ಎಲ್ಲರಲ್ಲಿ ನಾನಿಲ್ವಾ?"

"ಇದ್ದೀಯಲ್ಲಮ್ಮ. ಅದಕ್ಕೇ ನೀನೂ ಒಂದು ಬುಟ್ಟಿ ತಿಂದಿದ್ದೀಯ."

ಸಿದ್ದವ್ವನ ಮುಳ್ಳುಗಳು ಗಲಗಲ ಎಂದವು. ಕೊಕ್ಕರೆ ಅದನ್ನು ಚಪ್ಪಾಳೆ ಎಂದುಕೊಂಡು ತಲೆಬಾಗಿ ಮೇಲಕ್ಕೆ ಹಾರಿತು. ಮಾದಣ್ಣ ತೇಗುತ್ತ ತನ್ನ ಕಾಡಿಗೆ ಹೊರಟ. ಆನೆ ಹೊರಟೇಹೋಯಿತಲ್ಲ, ಲೆಕ್ಕ ಮತ್ತೊಮ್ಮೆ ಮಾಡಿ ಎಂದು ಸಿದ್ದವ್ವ ಕೂಗಿದಳು. ಲೆಕ್ಕ ವರ್ಷಕ್ಕೆ ಒಂದೇ ಸಲ ಎಂದು ಕೊಕ್ಕರೆ ಮೇಲಿನಿಂದಲೇ ಹೇಳಿತು.

ಬೇಸಿಗೆ ಬಂತು. ಕಾಲುವೆಯಲ್ಲಿ ನೀರು ಬರಲಿಲ್ಲ. ಚೆಲುವಯ್ಯ ಆಲದ ಕಟ್ಟೆಯ ಮೇಲೆ ಕೂತು ಉಂಡು ಬಂದ. ಹೊಂಡ ದಿನದಿನಕ್ಕೂ ಕುಗ್ಗಿ ನಡುವೆ ಒಂದು ರಾಡಿಯ ಮಡುವಾಯಿತು. ನೀರು ಕುಡಿಯಲು ಹೋದ ಮರಿಗಳು ತುಟಿಗೆಲ್ಲ ಕೆಸರು ಮೆತ್ತಿಕೊಂಡು ವಾಪಸು ಬರುತ್ತಿದ್ದವು. ಚಿಕ್ಕದಕ್ಕೆ ಅಳಲೂ ತ್ರಾಣವಿರಲಿಲ್ಲ. ಸಿದ್ದವ್ವ ಮರಿಗಳನ್ನು ಪಕ್ಕದ ಬಿಲದ ಉಡದಜ್ಜನಿಗೆ ಒಪ್ಪಿಸಿ, ತಾನೇ ಹೊಳೆಕಾಡಿಗೆ ಹೊರಟಳು. ಅಷ್ಟು ದೂರ ಅವಳು ಎಂದೂ ಹೋದವಳಲ್ಲ.

ಹೊಳೆಯ ದಂಡೆಯಲ್ಲಿ ಮೊದಲು ಸಿಕ್ಕಿದ್ದು ಒಂದು ಮೊಲ. ಪಕ್ಕೆಲುಬು ಕಾಣುವಷ್ಟು ಸೊರಗಿತ್ತು. ಒಳ್ಳೆಯ ಹುಲ್ಲಿರುವ ಕಡೆಯೆಲ್ಲ ಕಾಡೆಮ್ಮೆಗಳು ಮೇಯುತ್ತಿದ್ದವು, ಇದು ಅವುಗಳ ಗೊರಸಿನ ನಡುವೆ ಸಿಕ್ಕಿದ್ದನ್ನು ಆಯುತ್ತಿತ್ತು. ಸಿದ್ದವ್ವ ಎಲ್ಲಿಂದ ಬಂದಳೆಂದು ತಿಳಿದದ್ದೇ ಮೊಲದ ಕಿವಿ ನೆಟ್ಟಗಾಯಿತು. ನಿಮ್ಮಲ್ಲಿ ಈಗ ಪ್ರತಿಯೊಬ್ಬರಿಗೂ ಒಂದು ಬುಟ್ಟಿಯಂತೆ ಹೌದಾ, ನನಗೂ ಅಲ್ಲೊಂದು ಬಿಲ ನೋಡು ಎಂದು ದುಂಬಾಲು ಬಿತ್ತು.

"ನಿಮಗಿಲ್ಲಿ ತಲೆಗೆ ನಾಲ್ಕು ಬುಟ್ಟಿ ಅಂತಾರಲ್ಲಕ್ಕ?" ಎಂದಳು ಸಿದ್ದವ್ವ.

"ಅಂತಾರೆ ಕಣೇ. ನನ್ನ ನಾಲ್ಕು ಬುಟ್ಟಿ ಯಾರ ಹೊಟ್ಟೇಲಿದೆ ಅಂತ ನಾನೂ ಹುಡುಕ್ತಿದ್ದೀನಿ."

ಸಿದ್ದವ್ವನಿಗೆ ನಗು ಬಂತು. ಮಾತು ಮುಂದುವರಿಸದೆ ಆಲದ ಕಟ್ಟೆಗೆ ಹೋದಳು.

ಕಟ್ಟೆಯ ಮೇಲೆ ಹೊಳೆಕಾಡಿನ ಹಿರಿಯಳಾದ ಕಾಡೆಮ್ಮೆ ಮೆಲುಕು ಹಾಕುತ್ತ ಮಲಗಿದ್ದಳು. ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಕೆಟ್ಟವಳಲ್ಲ, ಆದರೆ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡುವವಳೂ ಅಲ್ಲ. ಸಿದ್ದವ್ವನನ್ನು ಕಂಡು ಬಹಳ ಸಂತೋಷಪಟ್ಟಳು. ನಿಮ್ಮ ಕಾಡು ಮೇಲೆ ಬಂದದ್ದು ಕೇಳಿ ಖುಷಿಯಾಯಿತು ಎಂದಳು. ಆದರೂ ನೀರು ಬಿಡೋಣ ಎಂದರೆ ಚೆಲುವಯ್ಯನೇ ಬೇಡ, ನಮಗೆ ಅವಮಾನ ಮಾಡಬೇಡಿ ಎಂದನಂತೆ. ಎಷ್ಟು ಸ್ವಾಭಿಮಾನ ಎಂದು ಹೊಗಳಿದಳು. ಆಮೇಲೆ, ಕಟ್ಟೆಯ ಮೇಲೆ ಕೂತವರು ಸರದಿಯ ಮೇಲೆ ಔತಣ ಕೊಡುವುದು ಹಳೆಯ ಪದ್ಧತಿ, ಬರುವ ಹುಣ್ಣಿಮೆ ನಿಮ್ಮ ಸರದಿ, ನಾವೆಲ್ಲ ಬರುತ್ತೇವೆ ಎಂದಳು.

ಇಲ್ಲ ದೊಡ್ಡಮ್ಮ, ನಮ್ಮಲ್ಲಿ ಏನೂ ಇಲ್ಲ ಎಂಬ ಮಾತು ಸಿದ್ದವ್ವನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಏನಾಗುತ್ತದೆಂದು ಯೋಚಿಸಿದಳು. ದೊಡ್ಡಮ್ಮ ಕೊಕ್ಕರೆಯನ್ನು ಕೇಳುತ್ತಾಳೆ. ಕೊಕ್ಕರೆ ಒಂದು ಬುಟ್ಟಿ ಎನ್ನುತ್ತದೆ. ಅಲ್ಲಿಗೆ ಮುಗಿಯಿತು. ಕಿವಿಯಿಂದ ಆಗದ ಕೆಲಸ ಕಣ್ಣಿಂದ ಆಗಲಿ ಎಂದುಕೊಂಡಳು. ಇಷ್ಟೂ ಜನ ಬಂದು ಇದ್ದದ್ದನ್ನೂ ತಿಂದುಹೋದರೆ ಮರಿಗಳ ಗತಿ ಏನೆಂಬ ಹೆದರಿಕೆಯೂ ಇತ್ತು. ಆದರೂ ಧೈರ್ಯ ಮಾಡಿದಳು.

"ಬನ್ನಿ ದೊಡ್ಡಮ್ಮ. ಎಲ್ಲರನ್ನೂ ಕರ್ಕೊಂಡು ಬನ್ನಿ. ಕೊಕ್ಕರೆಯವರನ್ನೂ ಮರೀಬೇಡಿ."

ಸುದ್ದಿ ಕೇಳಿ ಚೆಲುವಯ್ಯನ ಮುಖ ಬಿಳಿಚಿಕೊಂಡಿತು. ಸರದಿ ಇಷ್ಟು ಬೇಗ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಎಲ್ಲರನ್ನೂ ಹೊಂಡದ ಬಳಿ ಸೇರಿಸಿದ. ಇದು ಕಾಡಿನ ಮರ್ಯಾದೆಯ ಪ್ರಶ್ನೆ ಎಂದ. ಅಳಿಲು ಕೂಡಿಟ್ಟ ಬೀಜ, ಸಿದ್ದವ್ವ ಅಗೆದಿಟ್ಟ ಗೆಡ್ಡೆ, ಇಲಿಗಳ ಬಿಲದ ಕಾಳು, ಎಲ್ಲವೂ ನಾಳೆಯೊಳಗೆ ಬಂದು ಬೀಳಬೇಕು. ಮಡುವಿನ ನೀರು ಅತಿಥಿಗಳಿಗೆ ಮೀಸಲು, ಹುಣ್ಣಿಮೆಯವರೆಗೆ ಯಾರೂ ಮುಟ್ಟಕೂಡದು. ಎಲ್ಲರೂ ತಲೆಯಾಡಿಸಿದರು. ಸಿದ್ದವ್ವ ನೋಡಿದಳು, ಉಡದಜ್ಜನೂ ತಲೆಯಾಡಿಸುತ್ತಿದ್ದ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ ಎಂದು ಅವನ ಚಿಂತೆ. ಇವರಿಗೆಲ್ಲ ಏನು ಹೇಳುವುದೋ ದೇವರೇ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮುಳ್ಳುಗಳೆಲ್ಲ ಒಟ್ಟಿಗೆ ನಿಂತವು. ಎಲ್ಲರೂ ತಿರುಗಿ ನೋಡಿದರು.

"ಇರೋದನ್ನೆಲ್ಲ ಒಂದು ದಿನ ರಾಶಿ ಹಾಕಿ ತೋರಿಸಿದ್ರೆ ಅವರು ತಿಂದು, ಹೊಗಳಿ, ಹೋಗ್ತಾರೆ," ಎಂದಳು. "ಮುಂದಿನ ವರ್ಷಾನೂ ನಾವು ಶ್ರೀಮಂತರಾಗೇ ಇರ್ತೀವಿ. ಆ ಶ್ರೀಮಂತಿಕೆ ನೋಡೋಕೆ ನನ್ನ ಮಕ್ಕಳು ಇರಲ್ಲ. ನಿಮ್ಮವೂ ಇರಲ್ಲ."

ಉಡದಜ್ಜ ತಲೆಯಾಡಿಸುವುದನ್ನು ನಿಲ್ಲಿಸಿ, "ಹಾಗಾದ್ರೆ ಏನು ಬಡಿಸೋದು ಮಗಾ?" ಎಂದ.

"ನಾವು ದಿನಾ ಏನು ತಿಂತೀವೋ ಅದನ್ನೇ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಚೆಲುವಯ್ಯ ಬೈದ, ಬೇಡಿಕೊಂಡ, ಕಣ್ಣೀರನ್ನೂ ಹಾಕಿದ. ಆದರೆ ಅಳಿಲು ತನ್ನ ಬೀಜದ ಪೊಟರೆಯ ಮೇಲೆ ಹೋಗಿ ಕೂತುಬಿಟ್ಟಿತ್ತು. ಒಬ್ಬರು ಕೂತರೆ ಸಾಕಿತ್ತು, ಉಳಿದವರೂ ಎದ್ದುಹೋದರು.

ಹುಣ್ಣಿಮೆಯ ಸಂಜೆ ಅತಿಥಿಗಳು ಬಂದರು. ಬಿಸಿಲಲ್ಲಿ ಗುಡ್ಡ ಸುತ್ತಿ ನಡೆದು ಎಲ್ಲರ ಗಂಟಲೂ ಒಣಗಿತ್ತು. ಚೆಲುವಯ್ಯ ನಗುನಗುತ್ತ ಎದುರುಗೊಂಡ. ಎಲೆ ಹಾಕಿದರು. ಒಂದೊಂದು ಎಲೆಗೆ ಅರ್ಧ ಗೆಡ್ಡೆ, ನಾಲ್ಕು ಒಣ ಎಲಚಿ ಹಣ್ಣು, ಒಂದು ಹಿಡಿ ಒಣಹುಲ್ಲು. ದೊಡ್ಡಮ್ಮ ಇದು ಉಪ್ಪಿನಕಾಯಿ ಇರಬೇಕು, ಊಟ ಆಮೇಲೆ ಬರುತ್ತದೆ ಎಂದು ಕಾದಳು. ಆಮೇಲೆ ಏನೂ ಬರಲಿಲ್ಲ. ಈ ಜನ ಎಲ್ಲ ಬಚ್ಚಿಟ್ಟಿದ್ದಾರೆ, ತಲೆಗೆ ಒಂದು ಬುಟ್ಟಿ ಇರುವುದನ್ನು ಕೊಕ್ಕರೆಯವರೇ ಕಂಡಿದ್ದಾರೆ ಎಂದು ಚೆಲುವಯ್ಯ ತೊದಲಿದ.

ನೀರಾದರೂ ಕುಡಿಯೋಣ ಎಂದು ದೊಡ್ಡಮ್ಮ ಹೊಂಡಕ್ಕೆ ಇಳಿದಳು. ಅಲ್ಲಿ ಸಿದ್ದವ್ವನ ಚಿಕ್ಕ ಮರಿ ಒದ್ದೆ ಮಣ್ಣಿಗೆ ಮೂತಿ ಒತ್ತಿ ಹಿಡಿದು ಮಲಗಿತ್ತು. ದೊಡ್ಡಮ್ಮ ಅದನ್ನೇ ನೋಡುತ್ತ ನಿಂತಳು. ಆಮೇಲೆ ಕೊಕ್ಕರೆಯನ್ನು ಕರೆದು ನೀನು ಮಾಡಿದ ಲೆಕ್ಕ ಏನಾಯಿತು ಎಂದಳು. ಕೊಕ್ಕರೆ ಮನಸ್ಸಲ್ಲೇ ಇನ್ನೊಮ್ಮೆ ಕೂಡಿಸಿ, ಭಾಗಿಸಿ, ಲೆಕ್ಕ ತಪ್ಪಿಲ್ಲ ಎಂದಿತು.

"ಲೆಕ್ಕ ತಪ್ಪಿಲ್ಲ, ಆಯ್ತು," ಎಂದಳು ದೊಡ್ಡಮ್ಮ. "ನೀರೆಲ್ಲಿ?"

ಕೊಕ್ಕರೆ ಕಾಲು ಬದಲಿಸಿತು. ಹಿಂದೆ ನಿಂತಿದ್ದ ಮಾದಣ್ಣ ಸೊಂಡಿಲಿನಿಂದ ತಲೆ ಕೆರೆದುಕೊಂಡು, ಆ ದಿನ ಇಲ್ಲಿನ ಬೇಲದ ಹಣ್ಣನ್ನೆಲ್ಲ ತಿಂದವನು ನಾನೇ, ಚೆಲುವಯ್ಯ ಕರೆದ, ಬಂದೆ, ಹಣ್ಣು ಬಹಳ ಚೆನ್ನಾಗಿತ್ತು ಎಂದ. ಅವನ ಮಾತಲ್ಲಿ ಕಪಟವಿರಲಿಲ್ಲ. ಕೇಳಿದವರಿಗೆಲ್ಲ ಒಂದೇ ಗಳಿಗೆಯಲ್ಲಿ ಎಲ್ಲವೂ ಅರ್ಥವಾಯಿತು. ಚೆಲುವಯ್ಯ ಮೆಲ್ಲಗೆ ಹಿಂದೆ ಸರಿದ. ಹಿಂದೆ ಕಾಡೆಮ್ಮೆಗಳ ಸಾಲು ನಿಂತಿತ್ತು.

ಮಾದಣ್ಣ ಆ ರಾತ್ರಿಯೇ ಹೋಗಿ ಒಡ್ಡು ಒಡೆದ. ಬೆಳಗಾಗುವಷ್ಟರಲ್ಲಿ ಹೊಂಡಕ್ಕೆ ನೀರು ಬಿತ್ತು. ಸಿದ್ದವ್ವನ ಮರಿಗಳು ಕುಡಿದವು, ನೀರಲ್ಲೇ ಬಿದ್ದು ಹೊರಳಾಡಿದವು. ಚೆಲುವಯ್ಯನ ಯಜಮಾನಿಕೆ ಹೋಯಿತು. ಉಂಡ ಔತಣಕ್ಕೆ ಔತಣ ಕೊಡದವನು ಮೈಮುರಿದು ದುಡಿದು ತೀರಿಸಬೇಕೆಂಬುದು ಕಟ್ಟೆಯ ಕಟ್ಟಳೆ. ಪ್ರತಿ ಬೇಸಿಗೆಯಲ್ಲೂ ಒಡ್ಡಿನಿಂದ ಹೊಂಡದವರೆಗೆ ಕಾಲುವೆಯ ಹೂಳು ಕೆರೆದು ತೆಗೆಯುವುದು ಅವನ ಪಾಲಿಗೆ ಬಂತು. ಉಗುರು ಸವೆಯಿತು. ಆಚೆ ಕಾಡಿನ ಮಣ್ಣು ಮೆತ್ತಗಿದೆ, ಈಚೆ ಕಾಡಿನದು ಗಟ್ಟಿ ಎಂದು ಅವನು ಗೊಣಗಿದರೆ ಕೇಳುವವರು ಯಾರೂ ಇರಲಿಲ್ಲ.

ಕೊಕ್ಕರೆಗಳಿಗೂ ದೊಡ್ಡಮ್ಮ ಹೊಸ ಕಟ್ಟಳೆ ಮಾಡಿದಳು. ಎರಡೂ ಕಾಡಿನಲ್ಲಿ ಪ್ರತಿಯೊಂದು ಬಿಲಕ್ಕೂ ಹೋಗಿ ಕೇಳಬೇಕು, ಕೂಡಿಸುವುದು ಭಾಗಿಸುವುದು ಏನಿದ್ದರೂ ಆಮೇಲೆ. ಮುಂದಿನ ವರ್ಷ ಹಿರಿಯ ಕೊಕ್ಕರೆ ಉದ್ದ ಕಾಲುಗಳನ್ನು ಕಷ್ಟಪಟ್ಟು ಮಡಿಚಿ ಸಿದ್ದವ್ವನ ಬಿಲದೊಳಗೆ ಇಣುಕಿತು. ಇವತ್ತು ಏನು ತಿಂದೆ ಎಂದು ಕೇಳಿತು. ಮೊದಲೇ ಚೆನ್ನಾಗಿತ್ತು, ನಿಂತ ಕಡೆ ನಿಂತು ಕೆಲಸ ಮುಗಿಯುತ್ತಿತ್ತು, ಈಗ ಮಂಡಿಯೆಲ್ಲ ನೋವು ಎಂದು ನರಳಿತು. ಸಿದ್ದವ್ವ ತಿಂದದ್ದು ಹೇಳಿದಳು, ಕುಡಿಯಲು ನೀರು ಕೊಟ್ಟಳು.

"ಮುಂದಿನ ಬಿಲ ಆ ಬಂಡೆಯ ಹಿಂದಿದೆ ಸ್ವಾಮಿ," ಎಂದಳು. "ಇಲಿಯಜ್ಜಿಗೆ ಕಿವಿ ಕೇಳಲ್ಲ. ಸ್ವಲ್ಪ ಬಗ್ಗಿ, ಹತ್ತಿರ ಹೋಗಿ ಕೇಳಿ."

ನೀತಿ: ಒಂದು ನಾಡು ಬಡ ನಾಡೋ ಸಿರಿವಂತ ನಾಡೋ ಎಂದು ಹೇಳುವ ಮೊದಲು ಅಲ್ಲಿ ಎಲ್ಲರಿಗಿಂತ ಕಡಿಮೆ ಉಂಡವರ ಎಲೆಯನ್ನು ನೋಡಬೇಕು, ಇಲ್ಲದ ಸಿರಿಯನ್ನು ತೋರಿಸಿ ಮೆರೆಯುವವನು ತನ್ನವರ ಬಾಯಿಗೆ ಬೀಳುವ ನೀರನ್ನೇ ಕಸಿಯುತ್ತಾನೆ.